ಹಳೇ ಯೆಜ್ಡಿಗೆ ಬದಲಿ ಎಂಜಿನ್: ರಸ್ತೆಗಿಳಿಸಿಯೇ ತೀರುವ 15 ಸೂತ್ರಗಳು

ಅಪ್ಪನದ್ದೋ ಸೋದರಮಾವನದ್ದೋ ಯೆಜ್ಡಿಯೊಂದು ಶೆಡ್ಡಿನ ಮೂಲೆಯಲ್ಲಿ ನಿಂತಿದೆ. ಎಂಜಿನ್ ಸೀಜ್ ಆಗಿದೆ. ಕಿಕ್ಕರ್ ಮೇಲೆ ಪೂರ್ತಿ ಭಾರ ಹಾಕಿದರೂ ಅಲುಗುವುದಿಲ್ಲ. ಗುಜರಿಗೆ ಹಾಕು ಎನ್ನುವವರು ಮನೆಯಲ್ಲೂ ಇದ್ದಾರೆ, ಬೀದಿಯಲ್ಲೂ ಇದ್ದಾರೆ. ನೀವು ಹಾಕುವುದಿಲ್ಲ. ಬದಲಿ ಎಂಜಿನ್ ಹುಡುಕುತ್ತೀರಿ, ಕೂರಿಸುತ್ತೀರಿ, ಆರ್‌ಸಿಯಲ್ಲಿ ಬರೆಸುತ್ತೀರಿ, ಓಡಿಸುತ್ತೀರಿ. ಇಂಜಿನಿಯರಿಂಗ್ ಓದುತ್ತಿರುವವರಿಗೂ ಇದು ಆಗುತ್ತದೆ, ಬ್ಯಾಂಕಿನಲ್ಲಿ ಸಂಜೆ ಏಳರವರೆಗೆ ಕೂರುವವರಿಗೂ ಆಗುತ್ತದೆ. ಸ್ಪ್ಯಾನರ್ ಹಿಡಿಯಲು ಬಾರದ್ದಕ್ಕೆ ಈ ಕೆಲಸದಲ್ಲಿ ಕೆಟ್ಟವರು ಕಡಿಮೆ. ಕೊನೆಗೆ ಮಾಡಬೇಕಾದ್ದನ್ನು ಮೊದಲೇ ಮಾಡಿ ಕೆಟ್ಟವರೇ ಹೆಚ್ಚು. ಪೇಪರ್ ಮೊದಲು, ಓಟ ಆಮೇಲೆ, ಹೊಳಪು ಕಟ್ಟಕಡೆಗೆ. ಈ ಕ್ರಮವನ್ನು ಹಿಡಿದುಕೊಂಡು ಶುರು ಮಾಡಿ.

1. ಗಾಡಿಯ ಜಾತಕ ತೆಗೆಯಿರಿ

ಮೈಸೂರಿನ ಐಡಿಯಲ್ ಜಾವಾ ಕಂಪನಿ ಶುರುವಾದದ್ದು 1960ರಲ್ಲಿ. ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು ಯಾದವಗಿರಿಯ ಫ್ಯಾಕ್ಟರಿಯಲ್ಲಿ ಬೈಕು ಮಾಡಿದರು. ಎಪ್ಪತ್ತರ ದಶಕದ ಆರಂಭದಲ್ಲಿ ಟ್ಯಾಂಕಿನ ಮೇಲಿನ ಹೆಸರು ಜಾವಾದಿಂದ ಯೆಜ್ಡಿಗೆ ಬದಲಾಯಿತು. ಆಮೇಲೆ ರೋಡ್‌ಕಿಂಗ್ ಬಂತು, 175 ಬಂತು, ಎರಡು ಸಿಲಿಂಡರಿನ 350 ಬಂತು. 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿತು.

ಇಷ್ಟೂ ಗಾಡಿಗಳನ್ನು ಜನ ಒಂದೇ ಮಾತಿನಲ್ಲಿ ‘ಯೆಜ್ಡಿ’ ಎನ್ನುತ್ತಾರೆ. ನೀವು ಹಾಗೆನ್ನಬೇಡಿ. ಮಾಡೆಲ್ ಯಾವುದು, ಇಸವಿ ಯಾವುದು, ಚಾಸಿ ನಂಬರ್ ಏನು, ಎಂಜಿನ್ ನಂಬರ್ ಏನು, ಇವನ್ನು ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಯೆಜ್ಡಿ ಕ್ಲಾಸಿಕ್‌ನ ಎಂಜಿನ್ನೂ ರೋಡ್‌ಕಿಂಗಿನ ಎಂಜಿನ್ನೂ ಹತ್ತಡಿ ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗಿವೆ. ಬಿಚ್ಚಿ ಟೇಬಲ್ ಮೇಲೆ ಇಟ್ಟಾಗಲೇ ವ್ಯತ್ಯಾಸ ಗೊತ್ತಾಗುವುದು, ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ.

ಇನ್ನೊಂದು ಮಾತು. 2018ರಲ್ಲಿ ಮರಳಿ ಬಂದ ಜಾವಾ, 2022ರಲ್ಲಿ ಬಂದ ಯೆಜ್ಡಿ ಬೇರೆಯೇ ಗಾಡಿಗಳು. ಅವುಗಳದ್ದು ಲಿಕ್ವಿಡ್ ಕೂಲಿಂಗ್ ಇರುವ ಫೋರ್ ಸ್ಟ್ರೋಕ್ ಎಂಜಿನ್. ‘ಹೊಸ ಯೆಜ್ಡಿ ಎಂಜಿನ್ನೇ ಹಾಕಿಬಿಡೋಣ’ ಎನ್ನುವ ಗೆಳೆಯನಿಗೆ ಟೀ ಕುಡಿಸಿ ಕಳಿಸಿ.

2. ಬದಲಿ ಎಂಜಿನ್ ನಿಜಕ್ಕೂ ಬೇಕೆ ಎಂದು ಮೊದಲು ತೀರ್ಮಾನಿಸಿ

ಸೀಜ್ ಆದ ಎಂಜಿನ್ನೆಲ್ಲ ಸತ್ತ ಎಂಜಿನ್ನಲ್ಲ. ಪ್ಲಗ್ ಬಿಚ್ಚಿ. ಆ ತೂತಿನಲ್ಲಿ ಡೀಸೆಲ್ ಸುರಿದು ಕೆಲವು ದಿನ ಬಿಡಿ. ಆಮೇಲೆ ಗೇರ್ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿ. ಕಿಕ್ಕರ್ ಮೇಲೆ ಹಾರಬೇಡಿ. ಪಿಸ್ಟನ್ ಬಿಡುವ ಮೊದಲು ಕಿಕ್ ಶಾಫ್ಟ್ ಮುರಿಯುತ್ತದೆ.

ಸಿಲಿಂಡರ್ ಸವೆದಿದೆ ಎನ್ನುವುದು ಎಂಜಿನ್ ಬದಲಿಸಲು ಕಾರಣವಲ್ಲ. ಅದು ಎರಕದ ಕಬ್ಬಿಣದ್ದು, ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಚೈನ್ ತುಂಡಾಗಿ ಬಡಿದು ಕ್ರ್ಯಾಂಕ್‌ಕೇಸ್ ಒಡೆದಿದ್ದರೆ, ಬೇರಿಂಗ್ ಕೂರುವ ಜಾಗವೇ ಸವೆದು ಸಡಿಲವಾಗಿದ್ದರೆ, ಒಳಗಿನ ಅರ್ಧ ಸಾಮಾನು ಯಾರೋ ಯಾವತ್ತೋ ಕಳಚಿಕೊಂಡು ಹೋಗಿದ್ದರೆ, ಆಗ ಮಾತ್ರ ಬದಲಿ ಎಂಜಿನ್ ಹುಡುಕಿ. ಕಾರಣವನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲಿನಲ್ಲಿ ಬರೆಯಲು ಆಗದಿದ್ದರೆ ನೀವಿನ್ನೂ ತೀರ್ಮಾನ ಮಾಡಿಲ್ಲ ಎಂದರ್ಥ.

3. ಪೇಪರ್ ಸರಿಯಾಗುವ ತನಕ ಸ್ಪ್ಯಾನರ್ ಮುಟ್ಟಬೇಡಿ

ಬೇಸರದ ಸೂತ್ರ ಇದು. ಅದಕ್ಕೇ ಹೆಚ್ಚಿನವರು ಇದನ್ನು ಹಾರಿಸುತ್ತಾರೆ. ನೀವು ಇಲ್ಲೇ ಗೆಲ್ಲಿ.

ಖಾಸಗಿ ಬೈಕಿನ ಆರ್‌ಸಿಗೆ ನೋಂದಣಿಯಿಂದ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದಕ್ಕೆ ಫಾರಂ 25. ಫ್ಯಾಕ್ಟರಿ ಮುಚ್ಚಿದ್ದೇ 1996ರಲ್ಲಿ ಎಂದ ಮೇಲೆ ನಿಮ್ಮ ಗಾಡಿ ಆ ಗಡಿ ದಾಟಿ ಎಷ್ಟೋ ಕಾಲವಾಗಿದೆ. ನವೀಕರಣ ಆಗಿದೆಯೇ ನೋಡಿ. ಎಂವೈ, ಎಂಇ, ಸಿಎ ಎಂದು ಶುರುವಾಗುವ ಹಳೇ ನಂಬರ್ ಆಗಿದ್ದರೆ ಅದು ಕಂಪ್ಯೂಟರಿಗೆ ಏರಿದೆಯೇ, ಇಲ್ಲ ಆರ್‌ಟಿಒ ಕಚೇರಿಯ ಕೈಬರಹದ ರಿಜಿಸ್ಟರಿನಲ್ಲೇ ಮಲಗಿದೆಯೇ ವಿಚಾರಿಸಿ. ಏರಿಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿ.

ಗಾಡಿ ಯಾರ ಹೆಸರಿನಲ್ಲಿದೆ? ಬೇರೆಯವರಿಂದ ಕೊಂಡದ್ದಾದರೆ ಫಾರಂ 29 ಮತ್ತು 30. ತೀರಿಕೊಂಡ ತಾತನ ಹೆಸರಿನಲ್ಲಿದ್ದರೆ ಫಾರಂ 31. ಜತೆಗೆ ಮರಣ ಪತ್ರ, ವಾರಸುದಾರರ ದಾಖಲೆ. ಮನೆಯಲ್ಲಿ ಚಿಕ್ಕಪ್ಪ, ಅತ್ತೆ, ದೊಡ್ಡಪ್ಪನ ಮಕ್ಕಳೆಲ್ಲ ಇದ್ದರೆ ಅವರ ಒಪ್ಪಿಗೆಯನ್ನು ಈಗಲೇ ಬರೆಸಿಕೊಳ್ಳಿ. ತುಕ್ಕು ಹಿಡಿದು ನಿಂತ ಗಾಡಿ ಯಾರಿಗೂ ಬೇಡ. ಅದೇ ಗಾಡಿ ಹೊಳೆಯುತ್ತ ಬೀದಿಗೆ ಬಂದ ದಿನ ಎಲ್ಲರಿಗೂ ತಾತನ ನೆನಪಾಗುತ್ತದೆ.

ನಿಮ್ಮ ಗಾಡಿಗೆ 50 ವರ್ಷ ದಾಟಿದೆಯೇ? ಹಾಗಿದ್ದರೆ ಇನ್ನೂ ಒಂದು ಲೆಕ್ಕ ಹಾಕಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಆ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಭಾರಿ ಬದಲಾವಣೆ ಆಗಿರಬಾರದು. ದಿನವೂ ಓಡಿಸುವ ಹಾಗೂ ಇಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇವಕ್ಕಷ್ಟೇ. ಹಾಗಾಗಿ ಎಂಜಿನ್ ಬದಲಿಸುವ ಮೊದಲೇ ಗುರಿ ಗೊತ್ತಿರಲಿ. ವಿಂಟೇಜ್ ಪ್ಲೇಟ್ ಬೇಕಿದ್ದರೆ ಹಳೇ ಎಂಜಿನ್ನನ್ನೇ ಬದುಕಿಸಲು ಖರ್ಚು ಮಾಡಿ. ಆಫೀಸಿಗೆ ಹೋಗುವ ಗಾಡಿ ಬೇಕಿದ್ದರೆ ಮುಂದಿನ ಸೂತ್ರಕ್ಕೆ ಬನ್ನಿ.

4. ಅದೇ ಕಂಪನಿ, ಅದೇ ಮಾಡೆಲ್, ಅದೇ ಸಿಸಿ

ಬೇರೆ ಕಂಪನಿಯ ಎಂಜಿನ್ ತುರುಕುವ ಆಸೆಯನ್ನು ಇವತ್ತೇ ಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ನಿಮ್ಮ ದಾರಿ ನೇರ. ಅದೇ ಮಾದರಿಯ ಎಂಜಿನ್ ಕೊಳ್ಳಿ. ಕೂರಿಸುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಯಾವ ಅರ್ಜಿ, ಯಾವ ದಾಖಲೆ ಎಂದು ಕೇಳಿ ಪಟ್ಟಿ ಬರೆದುಕೊಳ್ಳಿ. ಎಂಜಿನ್ ಕೊಂಡ ಬಿಲ್ ಜೋಪಾನ ಮಾಡಿ. ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಿ, ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಏರಿಸಿ, ಅದೇ ನಂಬರನ್ನು ಇನ್ಶೂರೆನ್ಸ್ ಪಾಲಿಸಿಗೂ ಬರೆಸಿ. ಅಪಘಾತವಾದ ದಿನ ಪಾಲಿಸಿಯಲ್ಲಿ ಒಂದು ನಂಬರ್, ಎಂಜಿನ್ನಿನ ಮೇಲೆ ಇನ್ನೊಂದು ನಂಬರ್ ಇದ್ದರೆ ನಿಮ್ಮ ಪರವಾಗಿ ಯಾರೂ ವಾದಿಸುವುದಿಲ್ಲ.

5. ಎಂಜಿನ್ ಕೊಳ್ಳುವಾಗ ಕೈಗೆ ಮಸಿ ಹತ್ತಲಿ

ಬೆಂಗಳೂರಿನಲ್ಲಿ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿ, ಶಿವಾಜಿನಗರದ ಗುಜರಿ ಸುತ್ತಿ. ಮೈಸೂರಿಗೆ ಹೋಗಿ ಜಾವಾ ಫ್ಯಾಕ್ಟರಿಯಲ್ಲೇ ದುಡಿದು ಬಂದ ಹಿರಿಯ ಮೇಸ್ತ್ರಿಗಳು ಸಿಗುತ್ತಾರಾ ವಿಚಾರಿಸಿ. ಅವರ ಹತ್ತಿರ ಸಿಗುವುದು ಎಂಜಿನ್ ಅಷ್ಟೇ ಅಲ್ಲ. ಯಾವ ಎಂಜಿನ್ ತಗೊಳ್ಳಬಾರದು ಎಂಬ ಜ್ಞಾನವೂ ಸಿಗುತ್ತದೆ. ‘ಸರ್’ ಅಂತ ಕರೆದು, ಹೇಳಿದ್ದನ್ನು ಬರೆದುಕೊಳ್ಳಿ. ಯೂಟ್ಯೂಬಿನಲ್ಲಿ ನೋಡಿದ್ದನ್ನು ಅವರ ಮುಂದೆ ಹೇಳಬೇಡಿ.

ಎಂಜಿನ್ ಮುಂದಿಟ್ಟಾಗ ಇಷ್ಟನ್ನು ಮಾಡದೆ ದುಡ್ಡು ತೆಗೆಯಬೇಡಿ:

ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಕಿಕ್ ಮಾಡಿಸಿ. ಬೆರಳನ್ನು ಗಾಳಿ ತಳ್ಳಬೇಕು. ಸ್ಪ್ರಾಕೆಟ್ ತಿರುಗಿಸುತ್ತ ನಾಲ್ಕೂ ಗೇರ್ ಹಾಕಿ ನೋಡಿ. ಹೆಡ್ ಬಿಚ್ಚಲು ಒಪ್ಪಿದರೆ ಪಿಸ್ಟನ್ನನ್ನು ಅರ್ಧಕ್ಕೆ ತಂದು, ಕ್ರ್ಯಾಂಕ್ ಅಲುಗದ ಹಾಗೆ ಹಿಡಿದು, ಪಿಸ್ಟನ್ನನ್ನು ಮೇಲಕ್ಕೂ ಕೆಳಕ್ಕೂ ಒತ್ತಿ. ಟಕ್ ಟಕ್ ಎಂದು ಆಡಿದರೆ ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಮುಗಿದಿದೆ, ಬೆಲೆ ಇಳಿಸಿ. ಎಡಬಲಕ್ಕೆ ಸ್ವಲ್ಪ ಆಡಿದರೆ ಗಾಬರಿ ಬೇಡ, ಅಷ್ಟು ಜಾಗ ಅದಕ್ಕೆ ಬೇಕು. ಕೇಸಿನ ಎರಡು ಅರ್ಧಗಳು ಹುಟ್ಟಿನಿಂದಲೇ ಜೋಡಿ. ಒಂದು ಹಳೆಯ ಬಣ್ಣದಲ್ಲೂ ಇನ್ನೊಂದು ಬೇರೆ ಬಣ್ಣದಲ್ಲೂ ಇದ್ದರೆ, ನಡುವೆ ಗ್ಯಾಸ್ಕೆಟ್ ಗಮ್ ದಪ್ಪಗೆ ಉಕ್ಕಿದ್ದರೆ, ಎದ್ದು ಬನ್ನಿ. ಸೈಲೆನ್ಸರ್ ನಟ್ ಕೂರುವ ಮರೆಗಳನ್ನು (ಥ್ರೆಡ್) ಬೆರಳಿನಿಂದ ಮುಟ್ಟಿ ನೋಡಿ. ಆ ನಟ್ಟಿಗೆ ಸಿ ಸ್ಪ್ಯಾನರ್ ಬೇಕು. ಅದಿಲ್ಲದವರು ಉಳಿ ಸುತ್ತಿಗೆ ಹಿಡಿದು ಹೊಡೆದು ಮರೆ ತಿಂದಿರುತ್ತಾರೆ.

ಕೇಳಿದ ಬೆಲೆಗೆ ಹೂಂ ಎನ್ನಬೇಡಿ, ಬೈದು ಚೌಕಾಸಿಯನ್ನೂ ಮಾಡಬೇಡಿ. ಕಂಡ ದೋಷವನ್ನು ಒಂದೊಂದಾಗಿ ತೋರಿಸಿ ಸುಮ್ಮನೆ ನಿಲ್ಲಿ.

6. ನಂಬರಿನ ವಿಷಯದಲ್ಲಿ ಮುಲಾಜು ಬೇಡ

ಕೇಸಿನ ಮೇಲಿನ ನಂಬರ್ ಉಜ್ಜಿದ್ದರೆ, ಅಕ್ಷರಗಳು ವಕ್ರವಾಗಿದ್ದರೆ, ‘ನಿಮ್ಮ ಹಳೇ ನಂಬರ್ ಹೇಳಿ ಸರ್, ಪಂಚ್ ಮಾಡಿಕೊಡ್ತೀನಿ’ ಎಂದು ಯಾರಾದರೂ ನಕ್ಕರೆ, ಅಲ್ಲಿಂದ ಹೊರಡಿ. ಅದು ಸಹಾಯವಲ್ಲ, ಕ್ರಿಮಿನಲ್ ಕೇಸು. ನಂಬರ್ ಸ್ಪಷ್ಟವಾಗಿದ್ದರೂ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ನಡೆಸುವ ‘ವಾಹನ್ ಸಮನ್ವಯ’ದಲ್ಲಿ ಅದನ್ನು ಹಾಕಿ ಕದ್ದ ಗಾಡಿಯದ್ದೇ ಎಂದು ನೋಡಿ. ಎಂಜಿನ್ ಮೊದಲು ಇದ್ದ ಗಾಡಿಯ ಆರ್‌ಸಿ ಪ್ರತಿ, ಮಾರುವವರ ಗುರುತಿನ ಚೀಟಿ, ಸಹಿ ಹಾಕಿದ ರಸೀದಿ ಮೂರನ್ನೂ ಕೇಳಿ. ಕೊಡಲು ಹಿಂಜರಿದರೆ ಉತ್ತರ ಸಿಕ್ಕಿದ ಹಾಗೆ.

7. ತಾರೀಕು ಇಡಿ

ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ಯೆಜ್ಡಿ ದಿನ. ಬೆಂಗಳೂರಿನಲ್ಲಿ ಅವತ್ತು ಗಾಡಿಗಳು ಸಾಲುಗಟ್ಟಿ ಸೇರುತ್ತವೆ. ನಿಮ್ಮ ಗಾಡಿ ಅಲ್ಲಿ ನಿಲ್ಲಬೇಕು. ಆ ಭಾನುವಾರದಿಂದ ಹಿಂದಕ್ಕೆ ಎಣಿಸಿ: ರನ್ನಿಂಗ್ ಇನ್ ಯಾವಾಗ, ಎಂಜಿನ್ ಕೂರುವುದು ಯಾವಾಗ, ಲೇತಿಗೆ ಕೊಡುವುದು ಯಾವಾಗ. ‘ಟೈಮ್ ಸಿಕ್ಕಾಗ ಮಾಡೋಣ’ ಎಂದ ಗಾಡಿಗಳು ಇನ್ನೂ ಶೆಡ್ಡಿನಲ್ಲೇ ಇವೆ.

‘ನನ್ನ ಕೈಲಾಗುತ್ತಾ’ ಎಂಬ ಪ್ರಶ್ನೆಯೂ ಟೈಮ್ ಸಿಕ್ಕಾಗಲೇ ಏಳುವುದು. ಅದೊಂದು ಚಟ. ಎದ್ದಾಗೆಲ್ಲ ಹೋಗಿ ಒಂದು ನಟ್ ಬಿಚ್ಚಿ ಸ್ವಚ್ಛ ಮಾಡಿ.

8. ಬಿಚ್ಚುವಾಗ ದಾಖಲಿಸಿ, ಜೋಡಿಸುವಾಗ ಓದಿ

ಪ್ರತಿ ಭಾಗ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಕೇಬಲ್ ಯಾವ ಕಡೆಯಿಂದ ಸುತ್ತಿ ಬರುತ್ತದೆ, ವಾಷರ್ ನಟ್ಟಿನ ಒಳಗೋ ಹೊರಗೋ, ಎಲ್ಲವೂ ಫೋಟೊದಲ್ಲಿರಲಿ. ಜಿಪ್ ಕವರ್ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ: ‘ಎಡಗಡೆ ಕವರ್, ಸ್ಕ್ರೂ’. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ಅಲ್ಯೂಮಿನಿಯಂ ಕೇಸ್ ಬಿರುಕು ಬಿಡುತ್ತದೆ. ಆಫೀಸಿನಲ್ಲಿ ಡಾಕ್ಯುಮೆಂಟೇಶನ್ ಎಂದರೆ ಆಕಳಿಸುವವರು ಇಲ್ಲಿ ಒಂದು ವಾರದಲ್ಲಿ ಸರಿಹೋಗುತ್ತಾರೆ.

9. ‘ರನ್ನಿಂಗ್ ಕಂಡೀಷನ್’ ಎಂದು ಕೊಟ್ಟ ಎಂಜಿನ್ನನ್ನೂ ಬಿಚ್ಚಿ

ಯಾರ ಮಾತನ್ನೂ ನಂಬದೆ ಮಾಡಬೇಕಾದ ಕೆಲಸವಿದು. ಕೊಂಡ ಎಂಜಿನ್ ಶೆಡ್ಡಿನಲ್ಲಿ ಸ್ಟಾರ್ಟ್ ಆದರೂ ಫ್ರೇಮಿಗೆ ಕೂರಿಸುವ ಮೊದಲು ಕೇಸ್ ಬಿಚ್ಚಿ ಎರಡು ಆಯಿಲ್ ಸೀಲ್, ಬೇರಿಂಗ್, ಗ್ಯಾಸ್ಕೆಟ್ ಬದಲಿಸಿ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ ಎಂದರೆ ಸುಮ್ಮನೆ ಪೆಟ್ಟಿಗೆಯಲ್ಲ. ಪಿಸ್ಟನ್ ಮೇಲೇರಿದಾಗ ಅದು ಕಾರ್ಬ್ಯುರೇಟರಿನಿಂದ ಪೆಟ್ರೋಲು ಗಾಳಿಯ ಮಿಶ್ರಣವನ್ನು ಎಳೆದುಕೊಳ್ಳುತ್ತದೆ, ಇಳಿದಾಗ ಸಿಲಿಂಡರಿಗೆ ತಳ್ಳುತ್ತದೆ. ಹಾಗಾಗಿ ಕೇಸಿಗೆ ಗಾಳಿ ಸೋರಬಾರದು. ಕ್ರ್ಯಾಂಕಿನ ಎರಡು ತುದಿಯಲ್ಲಿರುವ ರಬ್ಬರ್ ಸೀಲುಗಳೇ ಇಲ್ಲಿ ಕಾವಲು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಅವು ಗಟ್ಟಿಯಾಗಿ, ತುಟಿ ಸೀಳಿರುತ್ತವೆ.

ಎಡಗಡೆ ಕ್ಲಚ್, ಪ್ರೈಮರಿ ಚೈನ್ ಮತ್ತು ಗೇರ್ ಆಯಿಲ್ ಇದೆ. ಆ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಕೇಸಿನೊಳಕ್ಕೆ ಬಂದು ಉರಿಯುತ್ತದೆ. ಬೀದಿ ತುಂಬ ಹೊಗೆ, ಪ್ಲಗ್ ಒದ್ದೆ, ಗೇರ್ ಬಾಕ್ಸಿನಲ್ಲಿ ಆಯಿಲ್ ಕಡಿಮೆ. ನೋಡಿದವರು ‘ಪೆಟ್ರೋಲಿಗೆ ಟೂ ಟಿ ಆಯಿಲ್ ಜಾಸ್ತಿ ಹಾಕಿದ್ದೀರಿ’ ಎನ್ನುತ್ತಾರೆ. ನೀವು ಆಯಿಲ್ ಕಡಿಮೆ ಮಾಡುತ್ತೀರಿ. ಪಿಸ್ಟನ್ ಸೀಜ್ ಆಗುತ್ತದೆ. ಬಲಗಡೆ ಡೈನಮೊ ಇದೆ. ಆ ಕಡೆಯ ಸೀಲ್ ಹೋದರೆ ಹೊಗೆಯಿಲ್ಲ, ಸದ್ದಿಲ್ಲ. ಹೊರಗಿನ ಗಾಳಿ ಒಳಕ್ಕೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯದು. ಗಾಡಿ ಮೊದಲಿಗಿಂತ ಚುರುಕಾಗಿದೆ ಎಂದು ನೀವು ಖುಷಿಪಡುತ್ತಿರುವಾಗ ಪಿಸ್ಟನ್ ಬಿಸಿಯೇರಿ ಕಚ್ಚಿಕೊಳ್ಳುತ್ತದೆ. ನನ್ನ ಪ್ರಕಾರ ಎರಡರಲ್ಲಿ ಈ ಸದ್ದಿಲ್ಲದ್ದೇ ಹೆಚ್ಚು ಅಪಾಯದ್ದು.

ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ. ಹೊಸ ಬೇರಿಂಗನ್ನು ಕವರಿನಲ್ಲಿ ಸುತ್ತಿ ರಾತ್ರಿಯೆಲ್ಲ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಕೇಸನ್ನು ಸಮವಾಗಿ ಬಿಸಿ ಮಾಡಿ, ಸುಮಾರು 100 ಡಿಗ್ರಿ ಸಾಕು. ಅಳೆಯಲು ಸಾಧನ ಇಲ್ಲದಿದ್ದರೆ ಒಂದು ಹನಿ ನೀರು ಬಿಡಿ, ಚುಂಯ್ ಎಂದು ಹಾರಿಹೋಗಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಬೇರಿಂಗ್ ತನ್ನ ಜಾಗಕ್ಕೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಮತ್ತೆ ಬಿಸಿ ಮಾಡಿ. ಬಿಸಿ ಕೇಸಿಗೆ ಬಟ್ಟೆ ಹಿಡಿದುಕೊಳ್ಳಿ. ಫ್ರೀಜರ್ ವಿಷಯ ಅಮ್ಮನಿಗೆ ಮೊದಲೇ ಹೇಳಿರಿ.

10. ಲೇತಿನ ಮೇಸ್ತ್ರಿಗೆ ಪಿಸ್ಟನ್ ಕೈಯಲ್ಲಿಟ್ಟು ಮಾತಾಡಿ

ಮೊದಲು ಪಿಸ್ಟನ್ ಕೊಳ್ಳಿ, ಆಮೇಲೆ ಬೋರಿಂಗಿಗೆ ಕೊಡಿ. ಡಬ್ಬದ ಮೇಲೆ ಒಂದೇ ಸೈಜ್ ಬರೆದಿದ್ದರೂ ಎರಡು ಪಿಸ್ಟನ್ ಸ್ವಲ್ಪ ಹೆಚ್ಚುಕಮ್ಮಿ ಇರುತ್ತವೆ. ನಿಮ್ಮ ಪಿಸ್ಟನ್ನಿಗೆ ಅಳತೆ ಮಾಡಿಯೇ ಸಿಲಿಂಡರ್ ಕೊರೆಯಬೇಕು. ಸವೆತ ಕಡಿಮೆ ಇದ್ದರೆ ಚಿಕ್ಕ ಓವರ್‌ಸೈಜಿಗೇ ನಿಲ್ಲಿಸಿ. ಮುಂದಿನ ಬೋರಿಂಗಿಗೆ ಕಬ್ಬಿಣ ಉಳಿಯಲಿ. ಯೆಜ್ಡಿ 250ರ ಎಂಜಿನ್ನಿನ ಮೂಲ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ.

ಬೋರಿಂಗ್ ಆದ ಮೇಲೆ ಪೋರ್ಟುಗಳ ಅಂಚನ್ನು ಸಣ್ಣಗೆ ಚಾಂಫರ್ ಮಾಡಿಸಿ. ಮರೆತರೆ ಚೂಪು ಅಂಚಿಗೆ ರಿಂಗ್ ಸಿಕ್ಕಿ ಮುರಿಯುತ್ತದೆ. ಈ ಎಂಜಿನ್ನಿಗೆ ಎಕ್ಸಾಸ್ಟ್ ಪೋರ್ಟ್ ಎರಡು. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದು ಅದಕ್ಕೇ.

ಕ್ರ್ಯಾಂಕಿಗೆ ಹೊಸ ರಾಡ್ ಕಿಟ್ ಹಾಕಿಸಿದರೆ ಡಯಲ್ ಗೇಜ್ ಇಟ್ಟು ಅಲೈನ್‌ಮೆಂಟ್ ತೋರಿಸಿ ಎಂದು ಕೇಳಿ. ಗೇಜ್ ಇಲ್ಲದ ಲೇತಿಗೆ ಕ್ರ್ಯಾಂಕ್ ಕೊಡಬೇಡಿ. ಕಣ್ಣಳತೆಯಲ್ಲಿ ಕೂತ ಕ್ರ್ಯಾಂಕ್ 50 ಕಿ.ಮೀ. ವೇಗದಲ್ಲಿ ಹ್ಯಾಂಡಲ್ ನಡುಗಿಸುತ್ತದೆ.

11. ವೈರಿಂಗ್ ಹೊಸದೇ ಹಾಕಿ

ಹಳೇ ಗಾಡಿಗಳದ್ದು 6 ವೋಲ್ಟ್. ಇಗ್ನಿಷನ್ನಿಗೆ ಕರೆಂಟು ಬ್ಯಾಟರಿಯಿಂದಲೇ ಬರಬೇಕು. ಬ್ಯಾಟರಿ ಕುಂಟಿದರೆ ಸ್ಪಾರ್ಕ್ ಕುಂಟುತ್ತದೆ. ನೀವು ತಂದ ಎಂಜಿನ್ನಿಗೆ ಯಾರಾದರೂ 12 ವೋಲ್ಟ್ ಕಿಟ್ ಹಾಕಿದ್ದಾರೆಯೇ ನೋಡಿ. ಹಾಕಿದ್ದರೆ ಬ್ಯಾಟರಿ, ಬಲ್ಬು, ಹಾರ್ನ್, ಕಾಯಿಲ್, ರೆಗ್ಯುಲೇಟರ್ ಎಲ್ಲವೂ 12ಕ್ಕೇ ಹೋಗಬೇಕು. ಅರ್ಧ ಅದು ಅರ್ಧ ಇದು ಮಾಡಿದರೆ ಮೊದಲ ರಾತ್ರಿಯೇ ಬಲ್ಬು ಸುಟ್ಟು ಕತ್ತಲಲ್ಲಿ ಗಾಡಿ ತಳ್ಳುತ್ತೀರಿ. ಪಾಯಿಂಟ್ ಗ್ಯಾಪ್ 0.4 ಮಿ.ಮೀ.ಗೆ ಫೀಲರ್ ಗೇಜಿನಲ್ಲೇ ಇಡಿ. ಬ್ಲೇಡ್ ತುಂಡಿನಲ್ಲಿ ಅಂದಾಜು ಮಾಡುವ ಮೇಸ್ತ್ರಿಗಳಿದ್ದಾರೆ, ಅವರ ಕೈಗೆ ಅನುಭವವಿದೆ. ನಿಮ್ಮ ಕೈಗೆ ಗೇಜ್ ಇರಲಿ.

12. ಪೆಟ್ರೋಲು ಬದಲಾಗಿದೆ, ನೀವೂ ಬದಲಾಗಿ

ಬಂಕಿನಲ್ಲಿ ಈಗ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಯೆಜ್ಡಿ ತಯಾರಾದ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ಪೆಟ್ರೋಲ್ ಪೈಪು, ಟ್ಯಾಪಿನ ವಾಷರ್, ಕಾರ್ಬ್ಯುರೇಟರಿನ ರಬ್ಬರ್‌ಗಳನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಾಗಾಗಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಬಿಡಬೇಡಿ. ನಿಲ್ಲಿಸುವ ಮೊದಲು ಟ್ಯಾಪ್ ಬಂದ್ ಮಾಡಿ ಕಾರ್ಬ್ಯುರೇಟರ್ ಖಾಲಿಯಾಗುವ ತನಕ ಓಡಿಸಿ.

ಟೂ ಟಿ ಆಯಿಲ್ ಅಳೆದು ಹಾಕಿ. ಲೀಟರಿಗೆ 40 ಮಿ.ಲೀ. ಎಂದರೆ 1:25, ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಇದು ಸುರಕ್ಷಿತ ಲೆಕ್ಕ. ಔಷಧದ ಅಳತೆ ಮುಚ್ಚಳ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಬಂಕಿನ ಹುಡುಗನ ಕೈಯಳತೆಗೆ ಬಿಡಬೇಡಿ.

ಆಗುಂಬೆ, ಚಾರ್ಮಾಡಿ ಇಳಿಯುವಾಗ ಎಚ್ಚರ. ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜತೆಗೇ. ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೆ ಇಳಿದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಎಣ್ಣೆ ಮಾತ್ರ ಬರುವುದಿಲ್ಲ. ಆಗಾಗ ಕ್ಲಚ್ ಹಿಡಿದು ಸಣ್ಣಗೆ ಆಕ್ಸಿಲರೇಟರ್ ಕೊಡಿ.

13. ಸೈಲೆನ್ಸರ್ ತೆರೆದು ನೋಡಿ, ಪೇಂಟ್ ಮುಂದಕ್ಕೆ ಹಾಕಿ

ಹೊಸ ಎಂಜಿನ್ ಕೂರಿಸಿದರೂ ಗಾಡಿ ಏರು ಹತ್ತದಿದ್ದರೆ ಬೈಯುವುದು ಎಂಜಿನ್ನನ್ನು. ತಪ್ಪು ಹಲವು ಸಲ ಸೈಲೆನ್ಸರಿನದ್ದು. ಒಳಗೆ ವರ್ಷಗಳ ಕಾರ್ಬನ್ ಕಟ್ಟಿ ಹೊಗೆಗೆ ದಾರಿಯೇ ಇರುವುದಿಲ್ಲ. ಬಿಚ್ಚಿ, ತೆಗೆಸಿ, ಒಳಗಿನ ಬ್ಯಾಫಲ್ ತಿರುಗಿ ಹಾಕಿ. ಬೀದಿ ಗಡಗಡ ಎನ್ನಲಿ ಎಂದು ಬ್ಯಾಫಲ್ ತೆಗೆದರೆ ಪಿಕಪ್ಪೂ ಹೋಗುತ್ತದೆ, ಪೊಲೀಸರೂ ಹಿಡಿಯುತ್ತಾರೆ.

ಪೇಂಟು, ಕ್ರೋಮು, ಸ್ಟಿಕ್ಕರು, ಸೀಟ್ ಕವರು ಎಲ್ಲ ಗಾಡಿ ಓಡಿದ ಮೇಲೆ. ಬಜೆಟ್ಟಿನ ಮೂರನೇ ಒಂದು ಭಾಗವನ್ನು ಮುಟ್ಟದೆ ಇಟ್ಟಿದ್ದರೆ ಹೊಳಪಿಗೆ ಅದೇ ಸಾಕಾಗುತ್ತದೆ. ಮೊದಲೇ ಬಳಿದ ಟ್ಯಾಂಕಿಗೆ ಎಂಜಿನ್ ಕೂರಿಸುವಾಗ ಖಂಡಿತ ಗೀರು ಬೀಳುತ್ತದೆ.

14. ರನ್ನಿಂಗ್ ಇನ್ ಎಂದರೆ ಸಂಯಮದ ಪರೀಕ್ಷೆ

ಮೊದಲ 500 ಕಿ.ಮೀ. ಅರ್ಧ ಥ್ರಾಟಲ್ ದಾಟಬೇಡಿ. ಒಂದೇ ವೇಗದಲ್ಲಿ ಹೆದ್ದಾರಿ ಹಿಡಿಯಬೇಡಿ. ಏರಿಸಿ, ಇಳಿಸಿ, ಆಗಾಗ ನಿಲ್ಲಿಸಿ ತಣಿಸಿ. ಹೊಸ ಪಿಸ್ಟನ್ನೂ ಹೊಸ ಬೋರೂ ಒಂದಕ್ಕೊಂದು ಹೊಂದುವ ಹೊತ್ತಿನಲ್ಲಿ ಶಾಖವೇ ಶತ್ರು. ಹಿಂದೆ ಕೂರಲು ಬರುತ್ತೇನೆಂದ ಗೆಳೆಯನಿಗೆ ಮುಂದಿನ ತಿಂಗಳು ಬಾ ಎನ್ನಿ.

ಒಂದು ಉದ್ದದ ಓಟ ಮುಗಿದ ಕೂಡಲೇ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಇದ್ದರೆ ಸರಿಯಿದೆ. ಬೆಳ್ಳಗಿದ್ದರೆ ಮಿಶ್ರಣ ತೆಳು, ಅಂದೇ ನಿಲ್ಲಿಸಿ ಬಲಗಡೆಯ ಸೀಲು ಮತ್ತು ಕಾರ್ಬ್ಯುರೇಟರ್ ನೋಡಿ. ಕಪ್ಪಗೆ ಜಿಡ್ಡಾಗಿದ್ದರೆ ಅವಸರವಿಲ್ಲ, ಮನೆಗೆ ಬಂದು ಸರಿಮಾಡಿ. 200 ಕಿ.ಮೀ. ಆದ ಮೇಲೆ ಹೆಡ್ ನಟ್, ಎಂಜಿನ್ ಮೌಂಟಿಂಗ್ ಬೋಲ್ಟ್, ಸೈಲೆನ್ಸರ್ ನಟ್ ಮತ್ತೊಮ್ಮೆ ಬಿಗಿ ಮಾಡಿ. ಈ ಗಾಡಿ ನಡುಗಿ ನಡುಗಿ ಅವನ್ನು ಸಡಿಲಿಸಿರುತ್ತದೆ. ಸ್ಟಾರ್ಟ್ ಮಾಡುವುದನ್ನೂ ಕಲಿಯಿರಿ: ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಅದೂ ಎಡಗಡೆ. ಶೋರೂಮಿನ ಹೊಸ ಗಾಡಿ ತಂದ ಗೆಳೆಯರ ಮುಂದೆ ಇದನ್ನು ಒಂದೇ ಸಲಕ್ಕೆ ಮಾಡಲು ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಿ.

15. ಹಳೇ ಎಂಜಿನ್ ಮಾರಬೇಡಿ

ಬಿಚ್ಚಿದ ಎಂಜಿನ್ ನೋಡಿ ಗುಜರಿಯವನು ಕೆಜಿ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ. ಕೊಡಬೇಡಿ. ಆ ಕೇಸಿನ ಮೇಲಿರುವುದು ನಿಮ್ಮ ಗಾಡಿ ಫ್ಯಾಕ್ಟರಿಯಿಂದ ಹೊರಬಂದಾಗಿನ ನಂಬರ್. ಗೇರುಗಳು, ಕ್ಲಚ್ ಡ್ರಮ್, ಕಿಕ್ ಶಾಫ್ಟ್, ಕವರುಗಳು ಯಾವುದೂ ಇನ್ನು ಆ ಫ್ಯಾಕ್ಟರಿಯಿಂದ ಬರುವುದಿಲ್ಲ. ಹೊಸ ಎಂಜಿನ್ನಿಗೆ ಮೊದಲ ಸ್ಪೇರ್ ಅಂಗಡಿ ಇದೇ. ಒಡೆದ ಕೇಸನ್ನು ಅಲ್ಯೂಮಿನಿಯಂ ವೆಲ್ಡಿಂಗ್ ಬಲ್ಲ ಒಳ್ಳೆಯ ಕೈಗೆ ಕೊಟ್ಟು, ಬೇರಿಂಗ್ ಜಾಗಕ್ಕೆ ಬುಶ್ ಹಾಕಿಸಿ, ನಿಧಾನವಾಗಿ ಅದನ್ನೂ ಕಟ್ಟಬಹುದು. ಅಲ್ಲಿಯವರೆಗೆ ಸೀಮೆಎಣ್ಣೆಯಲ್ಲಿ ತೊಳೆದು, ಒಳಗೂ ಹೊರಗೂ ಗ್ರೀಸ್ ಹಚ್ಚಿ, ಗೋಣಿಚೀಲದಲ್ಲಿ ಸುತ್ತಿ, ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲಿಡಿ. ಚೀಲಕ್ಕೆ ಒಂದು ಚೀಟಿ ಕಟ್ಟಿ: ಎಂಜಿನ್ ನಂಬರ್, ಬಿಚ್ಚಿದ ತಾರೀಕು, ಏನೇನು ಕೆಟ್ಟಿದೆ ಎಂಬ ಪಟ್ಟಿ. ಆರ್‌ಸಿಯ ಹಳೇ ಪ್ರತಿಯನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅದರ ಜತೆಗೇ ಇಡಿ.